ಲೋಕೇಶ್ ಅವರ ನಟನೆ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳ್ತೀರಾ?

ಭಾನುವಾರದ ರಿಹರ್ಸಲ್:

ಎಲ್ಲರಿಗೂ ನಮಸ್ಕಾರ. ನಾನು ವಾರವಿಡೀ ಆಫೀಸು, ಶನಿವಾರ ಭಾನುವಾರ ಒಂದು ಸಣ್ಣ ಹವ್ಯಾಸಿ ತಂಡದಲ್ಲಿ ನಾಟಕ. ಎರಡು ವರ್ಷವಾಯಿತು. ಈಗ ನನಗೆ ಸಿಕ್ಕಿರುವುದು ಸಾಲ ಮಾಡಿ ಮನೆ ಕಳೆದುಕೊಂಡ ಒಬ್ಬ ಗುಮಾಸ್ತನ ಪಾತ್ರ. ಮನೆ ಬಿಡುವ ಸೀನಿನಲ್ಲಿ ನಾನು ಚೆನ್ನಾಗಿಯೇ ಅಳುತ್ತೇನೆ, ನಿಜವಾಗಲೂ ಕಣ್ಣೀರು ಬರುತ್ತದೆ, ಆದರೆ ಪ್ರತಿ ಸಲ ಅಲ್ಲಿಗೆ ಬಂದಾಗ ನಮ್ಮ ಡೈರೆಕ್ಟರ್ ಚಪ್ಪಾಳೆ ತಟ್ಟಿ ನಿಲ್ಲಿಸಿಬಿಡುತ್ತಾರೆ. ಹೋದ ವಾರ ಬೇಜಾರಾಗಿ, "ಸರ್ ಏನು ತಪ್ಪು ಅಂತ ಹೇಳಿ" ಅಂದೆ. ಅವರು ಹೇಳಿದ್ದು ಇಷ್ಟೇ: "ಹೋಗಿ ಲೋಕೇಶ್ ಅವರ ಸಿನಿಮಾ ನೋಡ್ಕೊಂಡು ಬಾ."

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಲೋಕೇಶ್ ಅಂದರೆ ಸೃಜನ್ ಲೋಕೇಶ್ ಅವರ ಅಪ್ಪ ಅಂತ ಮಾತ್ರ ಗೊತ್ತಿತ್ತು. ಟಿವಿಯಲ್ಲಿ 'ಭೂತಯ್ಯನ ಮಗ ಅಯ್ಯು' ಬಂದಾಗ ಅಲ್ಲಲ್ಲಿ ನೋಡಿದ್ದೆ, ಅದೂ ಉಪ್ಪಿನಕಾಯಿ ಸೀನಿಗೋಸ್ಕರ. ಈ ವಾರ ಪೂರ್ತಿ ಕೂತು ನೋಡಿದೆ. ನನ್ನ ಪ್ರಶ್ನೆ ಏನಂದರೆ, ಅವರು ನಾಟಕದ ಮನೆತನದಿಂದ ಬಂದವರು ಅಂತ ಓದಿದೆ. ನಾಟಕದವರು ಕ್ಯಾಮೆರಾ ಮುಂದೆ ಜೋರಾಗಿ ಆಡುತ್ತಾರೆ ಅಂತ ಎಲ್ಲರೂ ಹೇಳುತ್ತಾರಲ್ವಾ? ಇವರಲ್ಲಿ ಅದು ಇಲ್ಲವೇ ಇಲ್ಲ. ಹೇಗೆ? ಇನ್ನೂ ಯಾವ ಯಾವ ಸಿನಿಮಾ ನೋಡಬೇಕು? ಗೊತ್ತಿರುವವರು ಹೇಳಿ ಪ್ಲೀಸ್.

ಬಾಲ್ಕನಿ ಟಿಕೆಟ್:

ನಿಮ್ಮ ಡೈರೆಕ್ಟರ್ ಪುಣ್ಯಾತ್ಮರು. ಬಿಡಬೇಡಿ ಅವರನ್ನು.

ಮೊದಲು ಮನೆತನದ ವಿಷಯ. ಲೋಕೇಶ್ ಹುಟ್ಟಿದ್ದು 1947ರ ಮೇ 19. ಅವರ ತಂದೆ ಎಂ.ವಿ. ಸುಬ್ಬಯ್ಯ ನಾಯ್ಡು. ಕನ್ನಡದಲ್ಲಿ ಮೊದಲು ತೆರೆಗೆ ಬಂದ ಮಾತಿನ ಚಿತ್ರ 'ಸತಿ ಸುಲೋಚನ', 1934. ಅದರಲ್ಲಿ ಸುಲೋಚನೆಯ ಗಂಡ ಇಂದ್ರಜಿತು ಯಾರು? ಇದೇ ಸುಬ್ಬಯ್ಯ ನಾಯ್ಡು. ರಾವಣ ಆರ್. ನಾಗೇಂದ್ರರಾಯರು. ಅಂದರೆ ಕನ್ನಡ ಸಿನಿಮಾದ ಮೊದಲ ನಾಯಕನಟನ ಮನೆಯಲ್ಲಿ ಹುಟ್ಟಿದ ಹುಡುಗ ಇವರು. ಆ ಚಿತ್ರದ ಪ್ರಿಂಟ್ ಈಗ ಉಳಿದಿಲ್ಲ, ಅಪ್ಪನ ಇಂದ್ರಜಿತುವನ್ನು ನಾವ್ಯಾರೂ ನೋಡುವ ಹಾಗಿಲ್ಲ. ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆದರೆ ಸುಬ್ಬಯ್ಯ ನಾಯ್ಡು ಅವರ ನಿಜವಾದ ಬದುಕು ಸಿನಿಮಾದಲ್ಲಿರಲಿಲ್ಲ, ಕಂಪನಿ ನಾಟಕದಲ್ಲಿತ್ತು. ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಅಂತ ಕಂಪನಿ ನಡೆಸುತ್ತಿದ್ದರು. ರಾಜ್‌ಕುಮಾರ್ ಕೂಡ ಸಿನಿಮಾಗೆ ಹೋಗುವ ಮೊದಲು ಗುಬ್ಬಿ ಕಂಪನಿಯಲ್ಲಿದ್ದ ಹಾಗೆ ಈ ಕಂಪನಿಯಲ್ಲೂ ಪಾತ್ರ ಮಾಡಿದ್ದರು. ಕಂಪನಿ ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕಾಗುತ್ತದೆ. ಒಂದು ಊರಲ್ಲಿ ಕ್ಯಾಂಪ್ ಹಾಕುವುದು, ತಗಡಿನ ಥಿಯೇಟರ್ ಕಟ್ಟುವುದು, ಜನ ಕಮ್ಮಿಯಾದ ಕೂಡಲೇ ಪರದೆ, ಕಿರೀಟ, ಪಾತ್ರೆಪಡಗ, ಮಕ್ಕಳುಮರಿ ಎಲ್ಲಾ ಕಟ್ಟಿಕೊಂಡು ಮುಂದಿನ ಊರಿಗೆ. ಆ ವಾತಾವರಣದಲ್ಲಿ ಬೆಳೆದ ಮಗುವಿಗೆ ನಟನೆಯನ್ನು ಕೂರಿಸಿ ಯಾರೂ ಕಲಿಸಬೇಕಾಗಿಲ್ಲ, ಊಟದ ಜೊತೆ ಒಳಗೆ ಹೋಗುತ್ತದೆ.

1958ರ 'ಭಕ್ತ ಪ್ರಹ್ಲಾದ'ದ ಹೊತ್ತಿಗೆ ಲೋಕೇಶ್‌ಗೆ ಹನ್ನೊಂದು ವರ್ಷ. ಬಾಲನಟನಾಗಿ ಬಂದಿದ್ದು ಅದರಲ್ಲೇ. 1962ರಲ್ಲಿ ಅಪ್ಪ ತೀರಿಕೊಂಡರು. ಆಗ ಇವರಿಗೆ ಹದಿನೈದು. ಅದಾದ ಮೇಲೆ ಸಿನಿಮಾದಲ್ಲಿ ಹೆಸರಾಗುವುದಕ್ಕೆ ಹತ್ತು ವರ್ಷ ದಾಟಬೇಕಾಯಿತು. ಆ ನಡುವಿನ ಕಾಲದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ ಅಂತ ನನಗನ್ನಿಸುತ್ತದೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಗುಂಪಿನಲ್ಲೇ ಇದ್ದಾರೆ. ರಂಗದ ಹುಚ್ಚು ಮೇಷ್ಟ್ರೇ, ಬನ್ನಿ.

ರಂಗದ ಹುಚ್ಚು:

ಬಂದೆ ಬಂದೆ. ಕರೆದರೆ ಬರದೆ ಇರುತ್ತೇನಾ.

'ನಾಟಕದವರು ಜೋರಾಗಿ ಆಡುತ್ತಾರೆ' ಅನ್ನುವ ಮಾತಿನಲ್ಲೇ ಒಂದು ಗೊಂದಲ ಇದೆ. ಯಾವ ನಾಟಕ? ಲೋಕೇಶ್ ಎರಡು ನಾಟಕಗಳ ಮಗ. ಒಂದು ಅಪ್ಪನ ಕಂಪನಿ ನಾಟಕ. ಅಲ್ಲಿ ಹಾರ್ಮೋನಿಯಂ, ಕಂದಪದ್ಯ, ಒನ್ಸ್ ಮೋರ್. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತು ಬೀಡಿ ಸೇದುತ್ತಿದ್ದವನಿಗೂ ಮಾತು ಕೇಳಬೇಕಿತ್ತು, ಹಾಗಾಗಿ ಜೋರು ಅನ್ನುವುದು ಅಲ್ಲಿ ಕೆಟ್ಟ ಗುಣ ಆಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ಇನ್ನೊಂದು 70ರ ದಶಕದ ಬೆಂಗಳೂರಿನ ಹವ್ಯಾಸಿ ನಾಟಕ. ಅದರ ರುಚಿಯೇ ಬೇರೆ. ಬಿ.ವಿ. ಕಾರಂತ, ಗಿರೀಶ ಕಾರ್ನಾಡ, ಲಂಕೇಶ್, ಕಂಬಾರ, ಸಿ.ಆರ್. ಸಿಂಹ, ಎಲ್ಲರೂ ಒಟ್ಟಿಗೆ ಎದ್ದು ನಿಂತಿದ್ದ ಕಾಲ. ಹಗಲೆಲ್ಲ ಬ್ಯಾಂಕು, ಕಾರ್ಖಾನೆ, ಕಾಲೇಜಿನಲ್ಲಿ ದುಡಿದು ಸಾಯಂಕಾಲ ರವೀಂದ್ರ ಕಲಾಕ್ಷೇತ್ರದ ಕಡೆ ಓಡುತ್ತಿದ್ದವರೇ ಜಾಸ್ತಿ. ನಿಮ್ಮ ಹಾಗೆಯೇ.

1972ರಲ್ಲಿ ಸಿಂಹ ಮತ್ತು ಗೆಳೆಯರು ನಟರಂಗ ತಂಡ ಕಟ್ಟಿದರು. ಅವರ ದೊಡ್ಡ ನಾಟಕ ಮಾಸ್ತಿಯವರ 'ಕಾಕನಕೋಟೆ'. ರಣಧೀರ ಕಂಠೀರವನ ಕಾಲದ ಕಥೆ. ಕಾಡಿನ ಕುರುಬರು, ಅವರ ಮೇಲೆ ಅಧಿಕಾರ ಚಲಾಯಿಸುವವರು, ನಡುವೆ ಕಾಚ. ಆ ಕಾಚ ಲೋಕೇಶ್. ಆಮೇಲೆ 1977ರಲ್ಲಿ ಸಿಂಹ ಅದನ್ನೇ ಸಿನಿಮಾ ಮಾಡಿದರು, ಅಲ್ಲೂ ಇವರೇ. ಸಂಗೀತ ಸಿ. ಅಶ್ವಥ್. 'ನೇಸರ ನೋಡು ನೇಸರ ನೋಡು' ಹಾಡು ಗೊತ್ತಲ್ಲ, ಸ್ಕೂಲ್ ಡೇಯಲ್ಲಿ ಎಲ್ಲರೂ ಹಾಡುತ್ತಾರಲ್ಲ, ಅದು ಇಲ್ಲಿಯದೇ.

ನಮ್ಮ ಸೋದರಮಾವ ಆ ನಾಟಕವನ್ನು ಕಲಾಕ್ಷೇತ್ರದಲ್ಲಿ ನೋಡಿದವರು. ಅವರ ಬಾಯಲ್ಲಿ ಅದರ ಕಥೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಅವರು ಹೇಳುತ್ತಿದ್ದ ಒಂದು ಮಾತು ನನಗೆ ಅಂಟಿಕೊಂಡಿದೆ. "ಅಪ್ಪನ ಗಂಟಲು ಇತ್ತು ಕಣೋ ಆ ಹುಡುಗನಿಗೆ, ಆದರೆ ಬೀಗ ಹಾಕಿ ಇಟ್ಟಿದ್ದ" ಅಂತ. ಇದೇ ನೋಡಿ ವಿಷಯ. ಕಂಪನಿಯ ಗಂಟಲು ಇಲ್ಲದವನು ಮೆಲ್ಲಗೆ ಮಾತಾಡಿದರೆ ಅದು ಬರೀ ಮೆಲ್ಲಗೆ. ಗಂಟಲು ಇದ್ದವನು ಮೆಲ್ಲಗೆ ಮಾತಾಡಿದರೆ ಎದುರಿಗೆ ಕೂತವನಿಗೆ 'ಇವನು ಯಾವಾಗ ಕೂಗುತ್ತಾನೋ' ಅಂತ ಒಂದು ಭಯ ಇರುತ್ತದೆ. ಅಯ್ಯು ಪಾತ್ರ ಪೂರ್ತಿ ನಿಂತಿರುವುದು ಆ ಭಯದ ಮೇಲೆ.

ಗಾಂಧಿ ಕ್ಲಾಸ್:

ಎಲ್ಲಾ ಸರಿ ಮೇಷ್ಟ್ರೇ, ಆದರೆ ನಾನು ಒಂದು ಮಾತು ಹೇಳುತ್ತೇನೆ, ಯಾರೂ ಹೊಡೆಯಬೇಡಿ. 'ಭೂತಯ್ಯನ ಮಗ ಅಯ್ಯು' ನೋಡಿ ಹೊರಗೆ ಬಂದಾಗ ನನಗೆ ನೆನಪಿನಲ್ಲಿ ಉಳಿದಿದ್ದು ವಿಷ್ಣುವರ್ಧನ್. ಗುಳ್ಳ. ಆ ಸಿಟ್ಟು, ಆ ಕಣ್ಣು. 'ನಾಗರಹಾವು' ಆದ ಮೇಲೆ ಬಂದ ಚಿತ್ರ, ರಾಮಾಚಾರಿ ಹ್ಯಾಂಗೋವರ್ ಇನ್ನೂ ಇಳಿದಿರಲಿಲ್ಲ. ಲೋಕೇಶ್ ಚೆನ್ನಾಗಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಥಿಯೇಟರಲ್ಲಿ ಶಿಳ್ಳೆ ಬಿದ್ದಿದ್ದು ಯಾರಿಗೆ? ಅಷ್ಟು ದೊಡ್ಡ ನಟ ಅಂದರೆ ಯಾಕೆ ಸ್ಟಾರ್ ಆಗಲಿಲ್ಲ?

ರಂಗದ ಹುಚ್ಚು:

ಹೊಡೆಯಲ್ಲ, ಕೂತ್ಕೊಳ್ಳಿ. ನಿಮ್ಮ ಪ್ರಶ್ನೆ ಒಳ್ಳೆಯದೇ.

ಗೊರೂರರ ಕಥೆ, ಸಿದ್ಧಲಿಂಗಯ್ಯ ನಿರ್ದೇಶನ, 1974. ಭೂತಯ್ಯ ಆಗಿ ಎಂ.ಪಿ. ಶಂಕರ್. ಊರಿನ ರಕ್ತ ಹೀರುವ ಸಾಹುಕಾರ. ಅವನು ಸತ್ತರೆ ಅಳುವವರಿಲ್ಲ. ಅಂಥವನ ಮಗನಾಗಿ, ಆ ದ್ವೇಷವನ್ನೂ ಆಸ್ತಿಯ ಜೊತೆಗೇ ಪಡೆದುಕೊಂಡು ಬದುಕಬೇಕಾದವನು ಅಯ್ಯು. ಗುಳ್ಳ ಬೆಂಕಿ. ಅವನು ಏನು ಮಾಡುತ್ತಾನೆ ಅಂತ ಎಲ್ಲರಿಗೂ ಗೊತ್ತು, ಉರಿಯುತ್ತಾನೆ. ಅಯ್ಯು ಹಾಗಲ್ಲ. ಅಪ್ಪನ ಹಾಗೆಯೇ ಇರಬೇಕಾ, ಬೇರೆ ಆಗಬೇಕಾ ಅಂತ ಅವನಿಗೇ ಗೊತ್ತಿಲ್ಲ. ಇಬ್ಬರೂ ಹಟಕ್ಕೆ ಬಿದ್ದು ಕೋರ್ಟು ಕಚೇರಿ ಅಲೆದು ಕಳೆದುಕೊಳ್ಳುತ್ತಾರೆ. ಗುಳ್ಳನ ಸಿಟ್ಟಿಗೆ ಒಂದು ಗೋಡೆ ಬೇಕಲ್ವಾ ಡಿಕ್ಕಿ ಹೊಡೆಯುವುದಕ್ಕೆ, ಆ ಗೋಡೆ ಲೋಕೇಶ್. ಗೋಡೆಗೆ ಯಾರು ಶಿಳ್ಳೆ ಹಾಕುತ್ತಾರೆ ಹೇಳಿ? ರಾಜ್ಯ ಸರ್ಕಾರದ ಅತ್ಯುತ್ತಮ ನಟ ಪ್ರಶಸ್ತಿ ಮಾತ್ರ ಗೋಡೆಗೇ ಬಂತು. ಸುಮ್ನೆ ಹೇಳಿದೆ.

ಸ್ಟಾರ್ ಯಾಕೆ ಆಗಲಿಲ್ಲ ಅಂದರೆ, ಸ್ಟಾರ್ ಆಗುವುದಕ್ಕೆ ಗೆಲ್ಲಬೇಕು. ಇವರು ಆರಿಸಿಕೊಂಡ, ಅಥವಾ ಇವರನ್ನು ಹುಡುಕಿಕೊಂಡು ಬಂದ ಒಳ್ಳೆಯ ಪಾತ್ರಗಳಲ್ಲಿ ಮುಕ್ಕಾಲು ಪಾಲು ಸೋಲುವವು.

ಬಾಲ್ಕನಿ ಟಿಕೆಟ್:

ಇದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. 'ಪರಸಂಗದ ಗೆಂಡೆತಿಮ್ಮ' (1978). ಶ್ರೀಕೃಷ್ಣ ಆಲನಹಳ್ಳಿ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ. ಆಲನಹಳ್ಳಿಯವರೂ ಹುಟ್ಟಿದ್ದು 1947ರಲ್ಲೇ, ಲೋಕೇಶ್ ಓರಗೆಯವರು. ಇವರಿಬ್ಬರ ಋಣಾನುಬಂಧ ನೋಡಿ: ಕಾರ್ನಾಡರು ಮಾಡಿದ 'ಕಾಡು' ಆಲನಹಳ್ಳಿಯದು, ಅದರಲ್ಲೂ ಲೋಕೇಶ್ ಇದ್ದಾರೆ. ಮುಂದೆ ಲೋಕೇಶ್ ತಾವೇ ನಿರ್ದೇಶನಕ್ಕೆ ಇಳಿದಾಗ ಎತ್ತಿಕೊಂಡ 'ಭುಜಂಗಯ್ಯನ ದಶಾವತಾರಗಳು' ಕೂಡ ಆಲನಹಳ್ಳಿಯದೇ.

ಗೆಂಡೆತಿಮ್ಮ ಊರೂರು ತಿರುಗಿ ಸಾಮಾನು ಮಾರುವವನು. ಪೇಟೆಯ ಗಾಳಿ ಸೋಕಿದ ಮರಂಕಿಯನ್ನು ಮದುವೆಯಾಗುತ್ತಾನೆ. ಸೋಪು, ಪೌಡರು, ಒಳಉಡುಪು, ಇವೆಲ್ಲ ಅವನ ಗಂಟಿನಲ್ಲಿ ಹಳ್ಳಿಗೆ ಬರುತ್ತವೆ, ಅದರ ಜೊತೆ ಪೇಟೆಯೂ ಬರುತ್ತದೆ. ಊರು ಬದಲಾಗುತ್ತದೆ. ತಂದವನ ಮನೆಯೇ ಮೊದಲು ಅಲ್ಲಾಡುತ್ತದೆ. ಕೊನೆ ಹೇಳಲ್ಲ, ನೋಡಿ.

ಈ ಪಾತ್ರವನ್ನು ಎರಡು ಥರ ಕೆಡಿಸಬಹುದಿತ್ತು. ಒಂದು, ಪೆದ್ದನನ್ನಾಗಿ ಮಾಡಿ ನಗಿಸುವುದು. ಇನ್ನೊಂದು, ದೇವರಂಥ ಮುಗ್ಧ ಅಂತ ಮಾಡಿ ಅಳಿಸುವುದು. ಲೋಕೇಶ್ ಎರಡನ್ನೂ ಮಾಡಲಿಲ್ಲ. ತಿಮ್ಮ ವ್ಯಾಪಾರ ಬಲ್ಲವನು, ಮಾತು ಬಲ್ಲವನು, ಹೆಣ್ಣುಮಕ್ಕಳನ್ನು ನಗಿಸಬಲ್ಲವನು. ಮನೆಯೊಳಗಿನ ಒಂದು ವಿಷಯ ಮಾತ್ರ ಅವನಿಗೆ ತಡವಾಗಿ ಗೊತ್ತಾಗುತ್ತದೆ. ಅಷ್ಟೇ. 'ತೇರಾ ಏರಿ ಅಂಬರದಾಗೆ ನೇಸರು ನಗುತಾನೆ' ಹಾಡು ಎಲ್ಲರೂ ಕೇಳಿದ್ದೀರಿ, ದೊಡ್ಡರಂಗೇಗೌಡರ ಸಾಹಿತ್ಯ, ರಾಜನ್-ನಾಗೇಂದ್ರ ಸಂಗೀತ. ಹಾಡಿಗಾಗಿ ಸಿನಿಮಾ ನೋಡಿದವರು ಬಹಳ ಜನ ಇದ್ದಾರೆ, ಪರವಾಗಿಲ್ಲ, ಹಾಗಾದರೂ ನೋಡಲಿ. ಇದಕ್ಕೂ ರಾಜ್ಯ ಪ್ರಶಸ್ತಿ ಬಂತು.

ಕೋಟೆ ಹೈದ:

ನಾನು ಎಚ್.ಡಿ. ಕೋಟೆ ಕಡೆಯವನು, ಅದಕ್ಕೇ ಬಾಯಿ ಹಾಕ್ತಾ ಇದ್ದೀನಿ. ಕಾಕನಕೋಟೆ ಅನ್ನೋದು ನಮ್ಮ ಕಡೆಯ ಕಾಡು, ಹಿಂದೆ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಜಾಗ. ಈಗ ಸಫಾರಿಗೆ ಬರುವವರಿಗೆ ಕಬಿನಿ ಅಂದರೆ ಗೊತ್ತು, ಕಾಕನಕೋಟೆ ಅಂದರೆ ಗೊತ್ತಿಲ್ಲ. ನಮ್ಮಜ್ಜನಿಗೆ ಸಿನಿಮಾ ಅಂದರೆ ಆಗ್ತಿರಲಿಲ್ಲ. ಆದರೆ 'ಕಾಕನಕೋಟೆ' ಬಂದಾಗ ಊರಿನವರ ಜೊತೆ ಮೈಸೂರಿಗೆ ಹೋಗಿ ನೋಡಿ ಬಂದಿದ್ದರಂತೆ. ವಾಪಸ್ ಬಂದು, "ಆ ಕಾಚ ಮಾಡಿದ್ದವನು ಯಾವ ಹಾಡಿಯವನು?" ಅಂತ ಕೇಳುತ್ತಿದ್ದರಂತೆ. ಹಾಡಿ ಅಂದರೆ ಕಾಡಿನ ಜನರ ಸಣ್ಣ ಊರು. ಬೆಂಗಳೂರಿನ ನಟ ಅಂದರೆ ಸುಮಾರು ದಿನ ನಂಬಲಿಲ್ಲವಂತೆ.

ಅಷ್ಟೇ ನಂದು. ದೊಡ್ಡವರು ಮುಂದುವರಿಸಿ.

ಲೆಕ್ಕದ ಪುಸ್ತಕ:

ನಾಲ್ಕು ದಿನದಿಂದ ಓದುತ್ತಾ ಇದ್ದೇನೆ, ಯಾರೂ 'ಬ್ಯಾಂಕರ್ ಮಾರ್ಗಯ್ಯ' ಬಗ್ಗೆ ಹೇಳುತ್ತಿಲ್ಲವಲ್ಲ! ಪ್ರಶ್ನೆ ಕೇಳಿದವರು ಸಾಲ ಮಾಡಿ ಮನೆ ಕಳೆದುಕೊಂಡವನ ಪಾತ್ರ ಮಾಡುತ್ತಿದ್ದಾರೆ, ಅವರಿಗೆ ಬೇಕಿರುವುದೇ ಅದು.

ಆರ್.ಕೆ. ನಾರಾಯಣ್ ಅವರ 'ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್' ಕಾದಂಬರಿ ಆಧರಿಸಿ ಟಿ.ಎಸ್. ನಾಗಾಭರಣ 1983ರಲ್ಲಿ ಮಾಡಿದ ಚಿತ್ರ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಟಿವಿಗೆ ಬರುವುದಕ್ಕೆ ಮೊದಲೇ ನಾರಾಯಣ್ ಅವರ ಊರನ್ನು ಕನ್ನಡಕ್ಕೆ ತಂದಿದ್ದು ಇದು. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಲೋಕೇಶ್‌ಗೆ ಮತ್ತೆ ರಾಜ್ಯ ಪ್ರಶಸ್ತಿ. ಅಯ್ಯು, ಗೆಂಡೆತಿಮ್ಮ, ಮಾರ್ಗಯ್ಯ, ಮೂರಕ್ಕೂ.

ನಾನು ಮೂವತ್ತು ವರ್ಷ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಮಾರ್ಗಯ್ಯನಂಥವರನ್ನು ದಿನಾ ನೋಡಿದ್ದೇನೆ. ಕೋಆಪರೇಟಿವ್ ಬ್ಯಾಂಕಿನ ಎದುರು ಆಲದ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತಿರುತ್ತಾನೆ. ಸಾಲಕ್ಕೆ ಬರುವ ರೈತರಿಗೆ ಅರ್ಜಿ ತುಂಬಿಕೊಡುವುದು, ಯಾರ ಹೆಸರಲ್ಲಿ ಎಷ್ಟು ಎತ್ತಬಹುದು ಅಂತ ಹೇಳಿಕೊಡುವುದು, ನಡುವೆ ತನ್ನ ಪಾಲು. ಬ್ಯಾಂಕಿನ ಒಳಗೆ ಇರುವವರಿಗೆ ಅವನೆಂದರೆ ತಾತ್ಸಾರ. ಅವನಿಗೆ ಒಳಗೆ ಇರುವವರ ಮೇಲೆ ಹೊಟ್ಟೆಕಿಚ್ಚು. ಆಮೇಲೆ ದುಡ್ಡು ಮಾಡುತ್ತಾನೆ, ಸಿಕ್ಕಾಪಟ್ಟೆ ಮಾಡುತ್ತಾನೆ, ಜನ ಡೆಪಾಸಿಟ್ ತಂದು ಸುರಿಯುತ್ತಾರೆ. ಒಂದು ದಿನ ಎಲ್ಲರೂ ಒಟ್ಟಿಗೆ ವಾಪಸ್ ಕೇಳಲು ಬಂದಾಗ ಮುಗಿಯಿತು ಕಥೆ. ಕಾದಂಬರಿಯಲ್ಲಿ ಕೊನೆಗೆ ಮಾರ್ಗಯ್ಯ ಮತ್ತೆ ಅದೇ ತಗಡಿನ ಪೆಟ್ಟಿಗೆಯ ಮಾತೆತ್ತುತ್ತಾನೆ. ಅಲ್ಲಿ ಕಣ್ಣೀರು ಇಲ್ಲ. ನಾಳೆಯಿಂದ ಮತ್ತೆ ಮರದ ಕೆಳಗೆ ಕೂರಬೇಕು ಅನ್ನುವ ಲೆಕ್ಕಾಚಾರ ಅಷ್ಟೇ.

ದುಡ್ಡು ಕಳೆದುಕೊಂಡವರನ್ನು ನಾನು ಕೌಂಟರ್‌ನ ಈ ಕಡೆಯಿಂದ ನೋಡಿದ್ದೇನೆ. ಅಲ್ಲೇ ನಿಂತು ಅತ್ತವರು ತೀರಾ ಕಮ್ಮಿ. ಜಾಸ್ತಿ ಜನ ಪಾಸ್‌ಬುಕ್ ಮತ್ತೆ ಮತ್ತೆ ತಿರುವಿ ನೋಡುತ್ತಾರೆ. ಕೆಲವರು ಬಸ್ ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ. ಒಬ್ಬರು ನನ್ನ ಹತ್ತಿರ ಪೆನ್ನು ಈಸ್ಕೊಂಡು, ವಾಪಸ್ ಕೊಡುವುದು ಮರೆತು ಹೋಗಿ, ಅರ್ಧ ದಾರಿಯಿಂದ ತಿರುಗಿ ಬಂದು ಕೊಟ್ಟು ಹೋದರು. ಲೋಕೇಶ್ ಅವರ ಮಾರ್ಗಯ್ಯನನ್ನು ನೋಡಿದಾಗ ಈ ಮನುಷ್ಯ ಯಾವುದೋ ಬ್ಯಾಂಕಿನ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡಿರಬೇಕು ಅನ್ನಿಸಿತು.

ಗಾಂಧಿ ಕ್ಲಾಸ್:

ಸರ್, ಇದನ್ನು ಓದಿ ನಾನು ನನ್ನ ಮಾತು ಅರ್ಧ ವಾಪಸ್ ತಗೊಳ್ತೀನಿ. ಅರ್ಧ ಮಾತ್ರ. ಇಷ್ಟು ಒಳ್ಳೆಯ ನಟನಿಗೆ ಇಂಥ ಪಾತ್ರ ಎಷ್ಟು ಸಿಕ್ಕವು? ಕೈ ಬೆರಳು ಸಾಕು ಎಣಿಸುವುದಕ್ಕೆ. ಉಳಿದ ಎಷ್ಟೋ ಚಿತ್ರಗಳಲ್ಲಿ ಅಣ್ಣ, ಅಪ್ಪ, ಊರಗೌಡ. ಅದನ್ನೂ ಹೇಳಬೇಕಲ್ವಾ?

ರಂಗದ ಹುಚ್ಚು:

ಹೇಳಬೇಕು, ಒಪ್ಪುತ್ತೇನೆ. ಕೈಬೆರಳಿಗಿಂತ ಸ್ವಲ್ಪ ಜಾಸ್ತಿ ಇವೆ. ಲಂಕೇಶ್ ಅವರ 'ಎಲ್ಲಿಂದಲೋ ಬಂದವರು' (1980) ಸೇರಿಸಿ, 'ಕೆಂಪಾದವೋ ಎಲ್ಲ ಕೆಂಪಾದವೋ' ಅದರ ಹಾಡು. ಅದೇ ವರ್ಷ 'ಭಕ್ತ ಸಿರಿಯಾಳ'ದಲ್ಲಿ ಪೌರಾಣಿಕ ಪಾತ್ರವನ್ನೂ ಮಾಡಿದ್ದಾರೆ. ಒಂದೇ ವರ್ಷ ಒಂದು ಕಡೆ ಲಂಕೇಶ್, ಇನ್ನೊಂದು ಕಡೆ ಶಿವಭಕ್ತ. ಅಪ್ಪನ ಕಂಪನಿ ಅವರನ್ನು ಪೂರ್ತಿ ಬಿಟ್ಟಿರಲಿಲ್ಲ ಅನ್ನೋದಕ್ಕೆ ಇನ್ನೇನು ಬೇಕು.

ಆದರೆ 'ಕಾಡು', 'ಎಲ್ಲಿಂದಲೋ ಬಂದವರು' ಥರದ ಸಿನಿಮಾಗಳಿಗೆ ಹೊಸ ಅಲೆ ಅಂತ ಏನು ಹೇಳುತ್ತೇವೆ, ಅದರ ಕಾವು 80ರ ದಶಕದ ಕೊನೆಗೆ ಇಳಿಯಿತು. ಸೋತ ಮನುಷ್ಯನ ಕಥೆಗೆ ದುಡ್ಡು ಹಾಕುವವರು ಕಮ್ಮಿಯಾದರು. ನಟ ಏನು ಮಾಡಬೇಕು, ಮನೆ ನಡೆಯಬೇಕಲ್ಲ. ಹೆಂಡತಿ ಗಿರಿಜಾ ಲೋಕೇಶ್ ಅವರೂ ರಂಗಭೂಮಿಯವರೇ. ಇಬ್ಬರೂ ನಟರಾಗಿರುವ ಮನೆಯಲ್ಲಿ ಸಂಬಳದ ದಿನ ಅಂತ ಒಂದು ಇರುವುದಿಲ್ಲ. 2004ರ ಅಕ್ಟೋಬರ್ 14ರಂದು ಲೋಕೇಶ್ ಹೋದರು. ಬರೀ 57. ಅದು ಒಬ್ಬ ನಟನಿಗೆ ಮುದುಕರ ಪಾತ್ರಗಳು ಶುರುವಾಗುವ ವಯಸ್ಸು. ಇವರು ಮಾಡಬಹುದಾಗಿದ್ದ ಮುದುಕರನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಭಾನುವಾರದ ರಿಹರ್ಸಲ್:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. 'ಗೆಂಡೆತಿಮ್ಮ' ನೋಡಿದೆ, 'ಬ್ಯಾಂಕರ್ ಮಾರ್ಗಯ್ಯ' ಒಂದು ಮಸುಕು ಪ್ರಿಂಟ್ ಸಿಕ್ಕಿತು, ಅದನ್ನೇ ಎರಡು ಸಲ ನೋಡಿದೆ. ಲೆಕ್ಕದ ಪುಸ್ತಕ ಸರ್, ನಿಮ್ಮ ಪೆನ್ನಿನ ಮನುಷ್ಯನನ್ನು ಕೇಳದೆ ಕದ್ದಿದ್ದೇನೆ, ಕ್ಷಮಿಸಿ.

ನಿನ್ನೆ ರಿಹರ್ಸಲ್‌ನಲ್ಲಿ ಮನೆ ಬಿಡುವ ಸೀನು ಬಂತು. ಈ ಸಲ ನಾನು ಅಳಲಿಲ್ಲ. ಬಾಗಿಲಿಗೆ ಬೀಗ ಹಾಕಿದೆ, ಸಾಲ ಕೊಟ್ಟವನ ಕೈಗೆ ಬೀಗದ ಕೈ ಕೊಟ್ಟೆ, ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು, "ಹಿಂದಿನ ಬಾಗಿಲ ಚಿಲಕ ಸ್ವಲ್ಪ ಗಟ್ಟಿ, ಎತ್ತಿ ಎಳೀಬೇಕು" ಅಂದೆ. ಸ್ಕ್ರಿಪ್ಟ್‌ನಲ್ಲಿ ಆ ಮಾತಿಲ್ಲ. ಡೈರೆಕ್ಟರ್ ಚಪ್ಪಾಳೆ ತಟ್ಟಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸೀನು" ಅಂದರು.

ಕೋಟೆ ಹೈದ:

ಆ ಮಸುಕು ಪ್ರಿಂಟ್ ಎಲ್ಲಿ ಸಿಕ್ತು ಅಂತ ಹೇಳಿ ಗುರುಗಳೇ, ನಾನೂ ಹುಡುಕ್ತಾ ಇದ್ದೀನಿ. ನಾಟಕ ಯಾವಾಗ ಅಂತಾನೂ ತಿಳಿಸಿ.